ಎರಡನೆಯ ನೋಟದಲ್ಲಿ ತೆರೆಯುವ ಸಿನಿಮಾ

ಓದುಗರ ಪ್ರಶ್ನೆ, ಅಂಕಣಕಾರರ ಉತ್ತರ

ಎರಡನೆಯ ಸಲ ನೋಡಿದಾಗ ಬೇರೆಯದಾಗಿಯೇ ಕಂಡ ಸಿನಿಮಾ ಯಾವುದು, ಹಾಗೆ ಕಂಡದ್ದೇಕೆ ಎಂದು ಕಳೆದ ಸಂಚಿಕೆಯಲ್ಲಿ ಓದುಗರನ್ನು ಕೇಳಿದ್ದೆವು. ಕಲಬುರಗಿ, ಬೀದರ್ ಮತ್ತು ಯಾದಗಿರಿ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಕೆಲವನ್ನು ಆರಿಸಿ ಇಲ್ಲಿ ಉತ್ತರಿಸಲಾಗಿದೆ. ಉತ್ತರಗಳಲ್ಲಿ ಕಥೆಯ ಗುಟ್ಟುಗಳೂ ಬರುತ್ತವೆಯಾದ್ದರಿಂದ ‘ಲೂಸಿಯಾ’ ಮತ್ತು ‘ಸೈಕೋ’ ಚಿತ್ರಗಳನ್ನು ಇನ್ನೂ ನೋಡದವರು ಮೊದಲು ಅವನ್ನು ನೋಡಿ ಆಮೇಲೆ ಓದುವುದು ಒಳ್ಳೆಯದು.

ಪ್ರಶ್ನೆ: 2013ರಲ್ಲಿ ಇಲಾಖೆಯ ತರಬೇತಿಗೆಂದು ಬೆಂಗಳೂರಿಗೆ ಹೋಗಿದ್ದಾಗ ‘ಲೂಸಿಯಾ’ ನೋಡಿದ್ದೆ. ಬೇಕೆಂದೇ ಗೋಜಲು ಮಾಡಿದ ಚಿತ್ರವೆಂದು ಆಗ ಅನ್ನಿಸಿತ್ತು. ಈಚೆಗೆ ಮಗಳು ಹಟ ಹಿಡಿದದ್ದರಿಂದ ಮನೆಯಲ್ಲಿ ಮತ್ತೊಮ್ಮೆ ನೋಡಿದೆ. ಅವೇ ದೃಶ್ಯಗಳು, ಅವೇ ಮಾತುಗಳು; ಆದರೂ ಹಿಂದೆ ಕಾಣದಿದ್ದ ಏನಾದರೊಂದು ಮತ್ತೆ ಮತ್ತೆ ಕಾಣುತ್ತಿತ್ತು. ಇದೆಲ್ಲ ಮೊದಲಿನಿಂದಲೂ ಚಿತ್ರದಲ್ಲಿ ಇತ್ತೇ, ಇಲ್ಲವೆ ವಯಸ್ಸಾದ ಮೇಲೆ ನಾನೇ ಇಲ್ಲದ್ದನ್ನು ಕಲ್ಪಿಸಿಕೊಳ್ಳುತ್ತಿರುವೆನೇ?
— ಸರ್ಕಾರಿ ನೌಕರರೊಬ್ಬರು, ಕಲಬುರಗಿ

ಉತ್ತರ: ಬಹುಪಾಲು ಮೊದಲಿನಿಂದಲೂ ಅಲ್ಲಿಯೇ ಇತ್ತು. ಆಗ ಕಾಣದೇ ಹೋದದ್ದಕ್ಕೆ ನಿಮ್ಮ ಕಣ್ಣನ್ನಾಗಲಿ ಬುದ್ಧಿಯನ್ನಾಗಲಿ ದೂರಬೇಕಾಗಿಲ್ಲ. ಕಥೆ ಗೊತ್ತಿಲ್ಲದೆ ಸಿನಿಮಾ ನೋಡುವವರ ಗಮನವೆಲ್ಲ ‘ಮುಂದೇನು’ ಎಂಬ ಒಂದೇ ಪ್ರಶ್ನೆಗೆ ಒತ್ತೆಯಾಗಿರುತ್ತದೆ. ಆ ಪ್ರಶ್ನೆಗೆ ಸಂಬಂಧವಿಲ್ಲದ್ದನ್ನು ಕಣ್ಣು ಕಂಡರೂ ಮನಸ್ಸು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಅಮೆರಿಕದ ಮನೋವಿಜ್ಞಾನಿಗಳಾದ ಡೇನಿಯಲ್ ಸೈಮನ್ಸ್ ಮತ್ತು ಕ್ರಿಸ್ಟೋಫರ್ ಚಾಬ್ರಿಸ್ 1999ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದಕ್ಕೆ ಒಳ್ಳೆಯ ಸಾಕ್ಷಿ. ಬಿಳಿ ಅಂಗಿ ತೊಟ್ಟವರು ಚೆಂಡನ್ನು ತಮ್ಮತಮ್ಮೊಳಗೆ ಎಷ್ಟು ಸಲ ದಾಟಿಸಿದರೆಂದು ಎಣಿಸುವಂತೆ ಹೇಳಿ ಅವರು ಜನರಿಗೆ ಒಂದು ಚಿಕ್ಕ ವಿಡಿಯೊ ತೋರಿಸಿದರು. ಆಟದ ನಡುವೆ ಗೊರಿಲ್ಲಾ ವೇಷ ಹಾಕಿದ ವ್ಯಕ್ತಿಯೊಬ್ಬರು ಆಟಗಾರರ ಮಧ್ಯದಿಂದ ಹಾದುಹೋದರೂ ನೋಡಿದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಅದು ತಿಳಿಯಲೇ ಇಲ್ಲ. ಎಣಿಕೆಯ ಕೆಲಸ ಹೇಳದೆ ಅದೇ ವಿಡಿಯೊವನ್ನು ಮತ್ತೆ ತೋರಿಸಿದರೆ ಅದನ್ನು ಕಾಣದಿರುವುದೇ ಕಷ್ಟ.

ನಿರ್ದೇಶಕ ಪವನ್ ಕುಮಾರ್ ‘ಲೂಸಿಯಾ’ದಲ್ಲಿ ನಮ್ಮನ್ನು ಇಂಥದೇ ಎಣಿಕೆಗೆ ಹಚ್ಚುತ್ತಾರೆ. ಚಿತ್ರಮಂದಿರದಲ್ಲಿ ಟಾರ್ಚ್ ಹಿಡಿದು ಸೀಟು ತೋರಿಸುವ ನಿಕ್ಕಿಗೆ ನಿದ್ದೆ ಬಾರದು. ಅವನು ಒಂದು ಮಾತ್ರೆ ನುಂಗುತ್ತಾನೆ. ಕನಸಿನಲ್ಲಿ ಪ್ರಖ್ಯಾತ ಚಿತ್ರನಟನಾಗುತ್ತಾನೆ. ನಿಕ್ಕಿಯ ಬದುಕು ಬಣ್ಣದಲ್ಲಿದೆ, ನಟನ ಬದುಕು ಕಪ್ಪುಬಿಳುಪಿನಲ್ಲಿದೆ. ವರ್ತಮಾನಕ್ಕೆ ಬಣ್ಣ, ನೆನಪಿಗೂ ಕನಸಿಗೂ ಕಪ್ಪುಬಿಳುಪು ಎಂಬ ಒಪ್ಪಂದವನ್ನು ಎಷ್ಟೋ ಚಿತ್ರಗಳು ನಮ್ಮ ತಲೆಯಲ್ಲಿ ಕೂರಿಸಿರುವುದರಿಂದ, ನಿಕ್ಕಿಯೇ ನಿಜ, ನಟನೇ ಕನಸು ಎಂದು ಯಾರೂ ಹೇಳದಿದ್ದರೂ ನಾವೇ ತೀರ್ಮಾನಿಸಿಕೊಂಡು ಕೂರುತ್ತೇವೆ. ಕೊನೆಯಲ್ಲಿ ಅದು ತಲೆಕೆಳಗಾಗುತ್ತದೆ: ಕಪ್ಪುಬಿಳುಪಿನ ನಟನೇ ನಿಜ, ಬಣ್ಣದ ನಿಕ್ಕಿ ಅವನು ಕಂಡ ಕನಸು. ಮೊದಲ ಸಲ ಇದು ಕೊನೆಯ ಗಳಿಗೆಯ ಒಂದು ಏಟಾಗಿ ಬಂದು ಹೋಗುತ್ತದೆ; ಬಹುಶಃ ನಿಮಗೆ ಗೋಜಲೆನಿಸಿದ್ದೂ ಇದರಿಂದಲೇ. ಎರಡನೆಯ ಸಲ ಆ ಸಂಗತಿಯನ್ನು ಮೊದಲ ದೃಶ್ಯದಿಂದಲೇ ಕೈಯಲ್ಲಿ ಹಿಡಿದು ಕೂರುತ್ತೀರಿ. ಆಗ ಚಿತ್ರದಲ್ಲಿ ಒಂದು ಚೌಕಟ್ಟೂ ಬದಲಾಗಿರುವುದಿಲ್ಲ, ಆದರೆ ಪ್ರತಿ ದೃಶ್ಯದ ಭಾರ ಬದಲಾಗಿರುತ್ತದೆ.

ಸದಾ ಬೆಳಕಿನಲ್ಲಿ ನಿಲ್ಲಬೇಕಾದ ನಟನೊಬ್ಬನು ಕನಸಿನಲ್ಲಿ ತನ್ನನ್ನು ಏನಾಗಿ ಕಂಡುಕೊಳ್ಳುತ್ತಾನೆಂಬುದನ್ನು ಗಮನಿಸಿ: ಕತ್ತಲಲ್ಲಿ ನಿಂತು ಪರರ ಕಾಲಡಿಗೆ ಟಾರ್ಚ್ ಬಿಡುವವನಾಗಿ. ಅವನ ನಿಜಜೀವನದಲ್ಲಿ ವ್ಯವಹಾರ ನೋಡಿಕೊಳ್ಳುವ ಶಂಕ್ರಣ್ಣ, ಅಚ್ಯುತ್ ಕುಮಾರ್ ಮಾಡಿದ ಪಾತ್ರ, ಕನಸಿನಲ್ಲಿ ಅವನಿಗೆ ಕೆಲಸ ಕೊಟ್ಟ ಟಾಕೀಸಿನ ಯಜಮಾನನಾಗಿದ್ದಾನೆ. ನಾವೆಲ್ಲ ಹಗಲು ಕಂಡ ಮುಖಗಳಿಗೆ ರಾತ್ರಿ ಕನಸಿನಲ್ಲಿ ಬೇರೆ ವೇಷ ಹಾಕಿಸುವ ಹಾಗೆ ಆ ನಟನೂ ಮಾಡಿದ್ದಾನೆ. ನಿಕ್ಕಿಯ ಪ್ರೇಮಪ್ರಸಂಗಗಳಿಗೆ ಮೊದಲ ಸಲ ಹೊಟ್ಟೆತುಂಬ ನಕ್ಕಿರುತ್ತೇವೆ; ಅವೆಲ್ಲ ಒಬ್ಬ ಒಂಟಿ ಮನುಷ್ಯನು ತನಗಾಗಿ ಕಟ್ಟಿಕೊಂಡ ಸಾಮಾನ್ಯ ಬದುಕೆಂದು ತಿಳಿದ ಮೇಲೆ ಅದೇ ನಗು ಅರ್ಧಕ್ಕೆ ನಿಲ್ಲುತ್ತದೆ. ನನ್ನ ಮಟ್ಟಿಗೆ ಈ ಚಿತ್ರದ ಬೆಲೆ ಇರುವುದು ಇಲ್ಲಿಯೇ ಹೊರತು ಕೊನೆಯ ತಿರುವಿನಲ್ಲಲ್ಲ. ಹಾಗೆಂದು ಎಲ್ಲವೂ ಮೆಚ್ಚಬೇಕಾದದ್ದಲ್ಲ. ಮರುನೋಟದಲ್ಲಿ ಗುಣಗಳೊಡನೆ ಕೊರತೆಗಳೂ ದೊಡ್ಡದಾಗುತ್ತವೆ. ತನಿಖೆಯ ಭಾಗ ಗುಟ್ಟನ್ನು ಮುಂದೂಡುವುದಕ್ಕೆಂದೇ ಇದೆಯೆಂಬುದು ಎರಡನೆಯ ಸಲ ಸ್ವಲ್ಪ ಹೆಚ್ಚಾಗಿಯೇ ತಿಳಿಯುತ್ತದೆ.

ಇನ್ನು ನೀವೇ ಕಲ್ಪಿಸಿಕೊಳ್ಳುತ್ತಿರುವಿರಾ ಎಂಬ ಸಂಶಯದ ಬಗ್ಗೆ. ಕಂಡ ವಿವರವು ಚಿತ್ರದಲ್ಲಿ ಮತ್ತೆಲ್ಲಾದರೂ ಮರಳಿ ಬರುತ್ತದೆಯೇ, ಮರಳಿ ಬಂದಾಗ ಅದರ ಅರ್ಥ ಸ್ವಲ್ಪವಾದರೂ ಸರಿದಿದೆಯೇ, ಅದನ್ನು ತೆಗೆದುಹಾಕಿದರೆ ದೃಶ್ಯಕ್ಕೆ ಏನಾದರೂ ನಷ್ಟವಿದೆಯೇ ಎಂದು ಕೇಳಿಕೊಳ್ಳಿ. ಬಣ್ಣದ ಹಂಚಿಕೆ ಚಿತ್ರದುದ್ದಕ್ಕೂ ನಿಯಮದಂತೆ ನಡೆದಿರುವುದರಿಂದ ಅದು ಚಿತ್ರದ್ದೇ. ಯಾವುದೋ ಒಂದು ದೃಶ್ಯದಲ್ಲಿ ಗೋಡೆಯ ಮೇಲೆ ಕಂಡ ಕ್ಯಾಲೆಂಡರಿನ ದೇವರಿಗೆ ಅರ್ಥ ಹಚ್ಚಲು ಹೊರಟರೆ ಅದು ನಿಮ್ಮದು. ನಿಮ್ಮದಾದ ಮಾತ್ರಕ್ಕೆ ತಪ್ಪೇನೂ ಅಲ್ಲ; ನಿರ್ದೇಶಕರ ತಲೆಗೆ ಕಟ್ಟದಿದ್ದರೆ ಸಾಕು.

ಪ್ರಶ್ನೆ: ನಾನು ಬಿದ್ರಿ ಕೆಲಸದವನು. ಪತ್ರಿಕೆಗಳಲ್ಲಿ ಸಿನಿಮಾದ ಬಗ್ಗೆ ಓದುವಾಗ, ಕಿಟಕಿಗೊಂದು ಅರ್ಥ, ಸೀರೆಯ ಬಣ್ಣಕ್ಕೊಂದು ಅರ್ಥ ಹೇಳಿರುತ್ತಾರೆ. ಚಿತ್ರ ತೆಗೆಯುವವರು ನಿಜವಾಗಿ ಅಷ್ಟೆಲ್ಲ ಯೋಚಿಸಿರುತ್ತಾರೆಯೇ? ವಿಮರ್ಶಕರು ತಮ್ಮ ಪಾಂಡಿತ್ಯ ತೋರಿಸಲು ಹುಟ್ಟಿಸಿಕೊಂಡ ಮಾತುಗಳಲ್ಲವೇ?
— ಕುಶಲಕರ್ಮಿಯೊಬ್ಬರು, ಬೀದರ್

ಉತ್ತರ: ಹುಟ್ಟಿಸಿಕೊಂಡವು ಇಲ್ಲದಿಲ್ಲ. ಆದರೆ ಈ ಪ್ರಶ್ನೆಗೆ ಉತ್ತರ ಕೊಡಲು ನನಗಿಂತ ನೀವೇ ಯೋಗ್ಯರು. ಸತು ಮತ್ತು ತಾಮ್ರದ ಎರಕದ ಮೇಲೆ ಚಿತ್ತಾರ ಕೊರೆದು, ಅದರಲ್ಲಿ ಬೆಳ್ಳಿ ಕೂರಿಸಿ ಉಜ್ಜಿದಾಗ, ಲೋಹವೂ ಬೆಳ್ಳಿಯೂ ಒಂದೇ ತೆರನಾಗಿ ಹೊಳೆಯುವುದರಿಂದ ನೋಡುವವರಿಗೆ ಚಿತ್ತಾರ ಸರಿಯಾಗಿ ಕಾಣುವುದಿಲ್ಲ. ಕೋಟೆಯ ಮಣ್ಣು ಮತ್ತು ನವಸಾಗರ ಬೆರೆಸಿದ ದ್ರಾವಣ ತಾಗಿ ಲೋಹ ಕಪ್ಪಾದಾಗಲೇ ಬೆಳ್ಳಿ ಎದ್ದು ಬರುತ್ತದೆ. ಆ ಬೆಳ್ಳಿಯನ್ನು ಮಣ್ಣು ತಂದಿತೆಂದು ಯಾರಾದರೂ ಹೇಳಿದರೆ ನೀವು ಒಪ್ಪುವುದಿಲ್ಲ. ಕಥೆಯ ಕೊನೆ ಗೊತ್ತಾಗುವುದು ಒಳ್ಳೆಯ ಚಿತ್ರಕ್ಕೆ ಇದೇ ಕೆಲಸವನ್ನು ಮಾಡುತ್ತದೆ.

ಸತ್ಯಜಿತ್ ರಾಯ್ ಅವರ ‘ಚಾರುಲತಾ’ (1964) ನೋಡಿ. ಶೀರ್ಷಿಕೆಗಳು ಮೂಡುವಾಗಲೇ ಒಂದು ಹೆಣ್ಣಿನ ಕೈಗಳು ಬಟ್ಟೆಯ ಮೇಲೆ ಇಂಗ್ಲಿಷಿನ ‘ಬಿ’ ಅಕ್ಷರವನ್ನು ಕಸೂತಿ ಹಾಕುತ್ತಿರುತ್ತವೆ. ಮೊದಲ ಸಲ ನೋಡುವವರಿಗೆ ಅದು ಹೊತ್ತು ಕಳೆಯುವ ಕೆಲಸವಷ್ಟೆ. ಅದು ಗಂಡ ಭೂಪತಿಯ ಹೆಸರಿನ ಮೊದಲಕ್ಷರ, ಕರವಸ್ತ್ರ ಅವನಿಗಾಗಿಯೇ. ಆಮೇಲೆ ಅವಳು ಹಿಡಿಕೆಯಿರುವ ಪುಟ್ಟ ದುರ್ಬೀನನ್ನು ಕಣ್ಣಿಗೆ ಹಿಡಿದು, ಒಂದು ಕಿಟಕಿಯಿಂದ ಇನ್ನೊಂದಕ್ಕೆ ಓಡುತ್ತ ಬೀದಿಯಲ್ಲಿ ಹೋಗುವ ಅಪರಿಚಿತರನ್ನು ನೋಡುತ್ತಾಳೆ. ಸ್ವಲ್ಪ ಹೊತ್ತಿನಲ್ಲಿ ಗಂಡನು ಪುಸ್ತಕದಲ್ಲಿ ಮುಳುಗಿ, ಅವಳು ಅಲ್ಲಿರುವುದನ್ನೂ ಕಾಣದೆ ಹಾದುಹೋಗುತ್ತಾನೆ. ಅವಳು ಅದೇ ದುರ್ಬೀನನ್ನು ಎತ್ತಿ, ಬೀದಿಯವರನ್ನು ನೋಡಿದಂತೆಯೇ ಅವನನ್ನೂ ನೋಡುತ್ತಾಳೆ. ಮುಂದೆ ತೋಟದಲ್ಲಿ ಉಯ್ಯಾಲೆಯ ಮೇಲೆ ಕುಳಿತಾಗ ಆ ದುರ್ಬೀನಿಗೆ ಮಗುವನ್ನೆತ್ತಿಕೊಂಡ ಒಬ್ಬ ತಾಯಿ ಸಿಗುತ್ತಾಳೆ, ಆಮೇಲೆ ಅವಳು ಮನಸೋಲುವ ತರುಣ, ಗಂಡನ ಸಂಬಂಧಿ ಅಮಲ್ ಸಿಗುತ್ತಾನೆ. ಚಿತ್ರ ಮುಗಿಯುವುದು ಗಂಡಹೆಂಡಿರ ಕೈಗಳು ಒಂದನ್ನೊಂದು ಮುಟ್ಟುವ ಮುನ್ನವೇ ಚಿತ್ರಿಕೆ ಸ್ತಬ್ಧವಾಗಿ ನಿಲ್ಲುವುದರೊಡನೆ. ಕೈಗಳಿಂದ ಆರಂಭವಾಗಿ ಕೈಗಳಲ್ಲಿ ನಿಂತ ಚಿತ್ರವಿದು ಎಂಬುದು ಎರಡನೆಯ ಸಲ ನೋಡದೆ ಹೊಳೆಯುವುದು ಕಷ್ಟ. ಇದೆಲ್ಲ ಆಕಸ್ಮಿಕವೆನ್ನಲು ಬಾರದು. ರಾಯ್ ಅವರು ಚಿತ್ರೀಕರಣಕ್ಕೆ ಮುಂಚೆ, ಲೆಕ್ಕ ಬರೆಯಲು ಬಳಸುವಂಥ ಕೆಂಪು ಬಟ್ಟೆಯ ರಟ್ಟಿನ ಪುಸ್ತಕಗಳಲ್ಲಿ ದೃಶ್ಯಗಳನ್ನು ತಾವೇ ಚಿತ್ರ ಬರೆದು ಸಿದ್ಧ ಮಾಡಿಕೊಳ್ಳುತ್ತಿದ್ದರು.

ಇನ್ನೊಂದು ಮಾತು. ಬಂಗಾಳಿ ಬಾರದ ನಮ್ಮಂಥವರು ಮೊದಲ ಸಲ ಇಂಥ ಚಿತ್ರ ನೋಡುವಾಗ ಕಣ್ಣು ಪರದೆಯ ಕೆಳಗಿನ ಅಕ್ಷರಗಳ ಮೇಲೆಯೇ ಇರುತ್ತದೆ. ಅರ್ಧ ಸಿನಿಮಾ ಓದಿಯೇ ಮುಗಿಸಿರುತ್ತೇವೆ. ಮಾತುಗಳು ಒಮ್ಮೆ ಮನಸ್ಸಿನಲ್ಲಿ ಕುಳಿತ ಮೇಲೆ ಕಣ್ಣು ಮೇಲಕ್ಕೆ ಬರುತ್ತದೆ. ಬೀದರಿನಲ್ಲಿ ಕನ್ನಡ, ಉರ್ದು, ತೆಲುಗು, ಮರಾಠಿ ಕೇಳುತ್ತ ಬೆಳೆದವರಿಗೆ ಎಷ್ಟೋ ಚಿತ್ರಗಳಲ್ಲಿ ಈ ತೊಡಕೇ ಇರುವುದಿಲ್ಲ. ಅದೊಂದು ಭಾಗ್ಯವೆಂದು ಅಲ್ಲಿನವರಿಗೆ ಗೊತ್ತಿರುವಂತೆ ಕಾಣುವುದಿಲ್ಲ.

ಪ್ರಶ್ನೆ: ಒಂದು ಚಿತ್ರದಲ್ಲಿ ನಾಯಕನ ಹಿಂದಿನ ಗೋಡೆ ಗಡಿಯಾರ ಮೊದಲು ನಾಲ್ಕೂವರೆ ತೋರಿಸುತ್ತಿತ್ತು, ಎದುರಿಗಿದ್ದವರನ್ನು ತೋರಿಸಿ ಮತ್ತೆ ನಾಯಕನಿಗೆ ಬಂದಾಗ ಎರಡು ಗಂಟೆ ಆಗಿತ್ತು. ಕಾಲ ಹಿಮ್ಮುಖವಾಗಿ ಹೋಗುತ್ತಿದೆಯೆಂಬ ಸೂಚನೆ ಇದಾಗಿರಬಹುದೇ?
— ಪದವಿ ವಿದ್ಯಾರ್ಥಿ, ಯಾದಗಿರಿ

ಉತ್ತರ: ಆಗಿರಲಾರದು. ಅದು ಕಂಟಿನ್ಯೂಟಿಯ ತಪ್ಪು. ಸಿನಿಮಾ ತೆಗೆಯುವವರು ದೃಶ್ಯಗಳನ್ನು ಕಥೆಯ ಕ್ರಮದಲ್ಲಿ ತೆಗೆಯುವುದಿಲ್ಲ. ಕ್ಯಾಮೆರಾವನ್ನೂ ದೀಪಗಳನ್ನೂ ಒಂದು ಕಡೆಗೆ ಹೊಂದಿಸಿದ ಮೇಲೆ ಆ ದಿಕ್ಕಿನ ತುಣುಕುಗಳನ್ನೆಲ್ಲ ಮುಗಿಸಿಕೊಂಡು ಆಮೇಲೆ ಎದುರಿನ ದಿಕ್ಕಿಗೆ ತಿರುಗುತ್ತಾರೆ. ತೆರೆಯ ಮೇಲೆ ಒಂದು ನಿಮಿಷದ ಮಾತುಕತೆಗೆ ಸೆಟ್ಟಿನಲ್ಲಿ ಅರ್ಧ ದಿನವೇ ಹಿಡಿದಿರಬಹುದು. ಗಡಿಯಾರದ ಮುಳ್ಳು, ಲೋಟದಲ್ಲಿನ ಚಹಾ, ತೋಳು ಮಡಿಸಿದ ಅಂಗಿ ಇವೆಲ್ಲ ತುಣುಕಿನಿಂದ ತುಣುಕಿಗೆ ಒಂದೇ ತೆರನಾಗಿರುವಂತೆ ನೋಡಿಕೊಳ್ಳಲು ಸಹಾಯಕ ನಿರ್ದೇಶಕರು ಇರುತ್ತಾರೆ, ಅವರಿಗೂ ಕಣ್ತಪ್ಪುತ್ತದೆ. ಇಂಥ ತಪ್ಪು ಹಿಡಿಯುವುದು ಒಳ್ಳೆಯ ಮೋಜು. ಚಿತ್ರದ ಒಳಗೆ ಹೋಗಲು ಅದು ದಾರಿಯಲ್ಲ.

ಪ್ರಶ್ನೆ: ನಮ್ಮ ಕಾಲದಲ್ಲಿ ವಿಸಿಆರ್ ಬಾಡಿಗೆಗೆ ತಂದು ಓಣಿಯವರೆಲ್ಲ ಕೂತು ರಾತ್ರಿಯಿಡೀ ಸಿನಿಮಾ ನೋಡುತ್ತಿದ್ದೆವು. ಆಗ ನೋಡಿದ ಒಂದೆರಡು ಚಿತ್ರಗಳನ್ನು ಈಗ ಮಗನ ದೊಡ್ಡ ಟಿವಿಯಲ್ಲಿ ನೋಡಿದರೆ, ಪಕ್ಕದಲ್ಲಿ ಇಲ್ಲದ ಮನುಷ್ಯರೇ ಬಂದು ನಿಂತಂತೆ ಕಾಣುತ್ತದೆ. ನೆನಪು ಕೈಕೊಡುತ್ತಿದೆಯೇ?
— ನಿವೃತ್ತ ರೈಲ್ವೆ ನೌಕರರು, ವಾಡಿ

ಉತ್ತರ: ನಿಮ್ಮ ನೆನಪು ಸರಿಯಾಗಿದೆ. ಸಿನಿಮಾಸ್ಕೋಪ್ ಚಿತ್ರದ ಅಗಲವು ಎತ್ತರದ 2.35ರಷ್ಟಿರುತ್ತದೆ, ಹಳೆಯ ಟಿವಿಯ ಅಗಲವೋ ಎತ್ತರದ 1.33ರಷ್ಟು ಮಾತ್ರ. ಪರದೆ ತುಂಬಬೇಕೆಂದು ಚಿತ್ರದ ಎರಡು ಬದಿಗಳನ್ನು ಕತ್ತರಿಸಿ ಕ್ಯಾಸೆಟ್ಟಿಗೆ ಇಳಿಸಿದಾಗ ಶೇ. 43ರಷ್ಟು ಚಿತ್ರ ಹೊರಗೇ ಉಳಿಯುತ್ತಿತ್ತು. ಇಬ್ಬರು ತೆರೆಯ ಎರಡು ತುದಿಗಳಲ್ಲಿ ನಿಂತು ಮಾತನಾಡುವ ದೃಶ್ಯದಲ್ಲಿ ಒಬ್ಬರ ಮೂಗು ಮಾತ್ರ ಕಂಡಿದ್ದರೆ ಆಶ್ಚರ್ಯವಿಲ್ಲ. ಕಥೆ ತಿಳಿಯಲು ಅಷ್ಟು ಸಾಕಾಗುತ್ತಿತ್ತು, ಆದರೆ ಅವರಿಬ್ಬರ ನಡುವೆ ಇದ್ದ ದೂರವನ್ನು ಛಾಯಾಗ್ರಾಹಕರು ಯಾಕೆ ಇಟ್ಟಿದ್ದರೆಂಬುದು ನಮ್ಮ ಪಾಲಿಗೆ ಇರಲೇ ಇಲ್ಲ. ನೀವು ಈಗ ಆ ಚಿತ್ರಗಳನ್ನು ನೋಡಿದ್ದೇ ಮೊದಲ ಸಲವೆಂದು ಲೆಕ್ಕ ಹಿಡಿಯಬಹುದು.

ಮಗನ ಟಿವಿಗೂ ಒಂದು ಎಚ್ಚರಿಕೆ ಬೇಕು. ಚಿತ್ರ ಪರದೆ ತುಂಬುವಂತೆ ಹಿಗ್ಗಿಸುವ ಜೂಮ್ ಎಂಬ ಆಯ್ಕೆ ಚಾಲೂ ಇದ್ದರೆ ಹಳೆಯ ಕತ್ತರಿಯೇ ಹೊಸ ರೂಪದಲ್ಲಿ ಬಂದಂತಾಯಿತು. ಮೇಲೆ ಕೆಳಗೆ ಕಪ್ಪು ಪಟ್ಟಿ ಉಳಿದರೆ ಉಳಿಯಲಿ. ಮೊಬೈಲಿನಲ್ಲಿ ನೋಡುವ ಮಕ್ಕಳಿಗೆ ಹೇಳಬೇಕಾದದ್ದು ಬೇರೆ: ನೆಟ್‌ವರ್ಕ್ ಸಣ್ಣದಾದಾಗ ಕತ್ತಲೆಯ ದೃಶ್ಯಗಳು ಚೌಕಚೌಕವಾಗಿ ಕಲಸಿಹೋಗುತ್ತವೆ, ಫೋನಿನ ಸ್ಪೀಕರಿನಲ್ಲಿ ತಗ್ಗು ದನಿಗಳು ಕೇಳುವುದೇ ಇಲ್ಲ. ಕಿವಿಗೆ ಇಯರ್‌ಫೋನ್ ಹಾಕಿಕೊಂಡರೆ ಹಿನ್ನೆಲೆಯ ಶಬ್ದದ ಒಂದು ಪದರವೇ ಹೊಸದಾಗಿ ಸಿಗುತ್ತದೆ.

ಪ್ರಶ್ನೆ: ನಮ್ಮ ಭಾವನವರು ಯಾವ ಸಿನಿಮಾವನ್ನಾದರೂ ಮೊದಲೇ ನೋಡಿಕೊಂಡು ಬಂದು, ನಾವು ನೋಡುವಾಗ ಪಕ್ಕದಲ್ಲಿ ಕೂತು ‘ಈಗ ನೋಡ್ರಿ, ಏನಾಗ್ತದ ನೋಡ್ರಿ’ ಎನ್ನುತ್ತಾರೆ. ಕೇಳಿದರೆ, ಗುಟ್ಟು ಗೊತ್ತಿದ್ದರೇ ಸಿನಿಮಾ ಚಂದ ಎಂದು ವಾದಿಸುತ್ತಾರೆ. ಯಾರದು ಸರಿ?
— ಗೃಹಿಣಿ, ಬಸವಕಲ್ಯಾಣ

ಉತ್ತರ: ಭಾವನವರ ಮಾತು ಅರ್ಧ ಸರಿ, ನಡತೆ ಪೂರ್ತಿ ತಪ್ಪು. ಗುಟ್ಟು ತಿಳಿದು ನೋಡುವುದಕ್ಕೆ ಬೇರೆ ಸುಖವಿದೆ ನಿಜ, ಆದರೆ ಮೊದಲ ನೋಟದಲ್ಲಿ ಮೋಸಹೋಗಿದ್ದವರಿಗೆ ಮಾತ್ರ ಅದು ದಕ್ಕುತ್ತದೆ. ಆಲ್ಫ್ರೆಡ್ ಹಿಚ್‌ಕಾಕ್ ತಮ್ಮ ‘ಸೈಕೋ’ (1960) ಬಿಡುಗಡೆಯಾದಾಗ, ಪ್ರದರ್ಶನ ಆರಂಭವಾದ ಮೇಲೆ ಯಾರನ್ನೂ ಒಳಗೆ ಬಿಡಬಾರದೆಂದು ಚಿತ್ರಮಂದಿರಗಳಿಗೆ ಕಟ್ಟಪ್ಪಣೆ ಮಾಡಿದ್ದರು. ಆ ಚಿತ್ರದಲ್ಲಿ ಹೋಟೆಲು ನಡೆಸುವ ಯುವಕ ನಾರ್ಮನ್, ತುಂಬಿಸಿಟ್ಟ ಸತ್ತ ಹಕ್ಕಿಗಳ ನಡುವೆ ಕೂತು, ತನ್ನ ತಾಯಿಯೂ ಆ ಹಕ್ಕಿಗಳಷ್ಟೇ ನಿರುಪದ್ರವಿ ಎಂದು ಹೇಳುತ್ತಾನೆ. ಮೊದಲ ಸಲ ಅದು ತಾಯಿಯನ್ನು ವಹಿಸಿಕೊಳ್ಳುವ ಮಗನ ಮಾತು; ತಾಯಿ ಎಂದೋ ಸತ್ತಿದ್ದಾಳೆ, ಅವಳ ದೇಹವನ್ನು ಅವನೇ ಕೆಡದಂತೆ ಇಟ್ಟುಕೊಂಡಿದ್ದಾನೆ ಎಂದು ತಿಳಿದು ನೋಡಿದರೆ ಅದು ಅಕ್ಷರಶಃ ಸತ್ಯವಾದ ಹೇಳಿಕೆ. ಅವನು ನಮಗೆ ಸುಳ್ಳು ಹೇಳಿರಲಿಲ್ಲ. ಕಥೆಯ ಆರಂಭದಲ್ಲಿ ಹಣ ಕದಿಯುವ ಹೆಣ್ಣಿನ ಒಳಉಡುಪು ಕದಿಯುವ ಮುಂಚೆ ಬಿಳಿ, ಕದ್ದ ಮೇಲೆ ಕಪ್ಪು. ಇದನ್ನೂ ಯಾರೂ ಮೊದಲ ಸಲ ಲೆಕ್ಕಕ್ಕೆ ತಂದುಕೊಳ್ಳುವುದಿಲ್ಲ. ಪಕ್ಕದಲ್ಲಿ ಕೂತವರೊಬ್ಬರು ‘ಈ ಮಾತು ನೆನಪಿಡ್ರಿ’ ಎಂದು ಬೆರಳು ತೋರಿಸಿದ್ದರೆ ಮೊದಲ ನೋಟವೂ ಹೋಯಿತು, ಎರಡನೆಯದೂ ಹೋಯಿತು. ಮುಂದಿನ ಸಲ ಭಾವನವರಿಗೆ ಅಡುಗೆಮನೆಯಲ್ಲಿ ಏನಾದರೂ ಕೆಲಸ ಕೊಡಿ.

ಪ್ರಶ್ನೆ: ನಮ್ಮ ಕಾಲೇಜಿನ ಮಕ್ಕಳಿಗೆ ‘ಘಟಶ್ರಾದ್ಧ’ ತೋರಿಸಬೇಕೆಂದಿದ್ದೇನೆ. ಒಂದು ಸಲ ತೋರಿಸಿದರೆ ನಿಧಾನವೆಂದು ಗೊಣಗುತ್ತಾರೆ. ಎರಡು ಸಲ ತೋರಿಸುವುದಾದರೆ ಹೇಗೆ ತೋರಿಸಬೇಕು?
— ಕನ್ನಡ ಉಪನ್ಯಾಸಕಿ, ಸುರಪುರ

ಉತ್ತರ: ಗೊಣಗಲಿ ಬಿಡಿ. ಮೊದಲ ಸಲ ಏನನ್ನೂ ವಿವರಿಸದೆ, ನಡುವೆ ನಿಲ್ಲಿಸದೆ, ಒಂದೇ ಬೈಠಕ್ಕಿನಲ್ಲಿ ತೋರಿಸಿಬಿಡಿ. ಯು.ಆರ್. ಅನಂತಮೂರ್ತಿಯವರ ಕಥೆಯನ್ನಾಧರಿಸಿ ಗಿರೀಶ್ ಕಾಸರವಳ್ಳಿಯವರು 1977ರಲ್ಲಿ ಮಾಡಿದ, ಆ ವರ್ಷದ ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲ ಪಡೆದ ಚಿತ್ರವೆಂಬ ಮಾಹಿತಿ ಆ ಹೊತ್ತಿಗೆ ಸಾಕು. ಕಥೆಯನ್ನು ಮೊದಲೇ ಓದಿಸಬೇಡಿ. ಓದಿಸಿದರೆ ಮಕ್ಕಳು ಪುಸ್ತಕಕ್ಕೂ ಚಿತ್ರಕ್ಕೂ ಇರುವ ವ್ಯತ್ಯಾಸ ಹುಡುಕುವುದರಲ್ಲಿಯೇ ಚಿತ್ರ ಮುಗಿದುಹೋಗುತ್ತದೆ.

ಎರಡನೆಯ ಸಲಕ್ಕೆ ಒಂದೇ ಒಂದು ಕೆಲಸ ಕೊಡಿ: ನಾಣಿ ಎಂಬ ಹುಡುಗನು ಎಲ್ಲಿ ನಿಂತಿದ್ದಾನೆ, ಅವನಿಗೆ ಎಷ್ಟು ಕಾಣುತ್ತಿದೆ, ಎಷ್ಟು ತಿಳಿಯುತ್ತಿದೆ ಎಂದು ಪ್ರತಿ ದೃಶ್ಯದಲ್ಲಿ ನೋಡಲಿ. ಊರ ಶಾಲೆಯ ಮಾಸ್ತರನಿಂದ ಬಸಿರಾದ ವಿಧವೆ ಯಮುನಾಳ ಕಥೆ ಇದು. ಆದರೆ ವೇದಪಾಠಕ್ಕೆಂದು ಅವಳ ತಂದೆಯ ಮನೆಗೆ ಬಂದ ಹುಡುಗನೊಬ್ಬನ ಕಣ್ಣಿನಿಂದ ನಮಗೆ ತಲುಪುತ್ತದೆ. ದೊಡ್ಡವರ ಮಾತು ಅವನಿಗೆ ಅರ್ಧ ಕೇಳಿಸುತ್ತದೆ, ಅರ್ಥ ಕಾಲುಭಾಗ ಆಗುತ್ತದೆ. ಮೊದಲ ನೋಟದಲ್ಲಿ ಮಕ್ಕಳು ನಾಣಿಯಷ್ಟೇ ತಿಳಿಯದವರಾಗಿರುತ್ತಾರೆ, ನಿಧಾನವೆನಿಸುವುದಕ್ಕೆ ಅದೂ ಒಂದು ಕಾರಣ. ಎರಡನೆಯ ನೋಟದಲ್ಲಿ ಅವರಿಗೆ ನಾಣಿಗಿಂತ ಹೆಚ್ಚು ಗೊತ್ತಿರುತ್ತದೆ. ಯಮುನಾ ಅವನನ್ನು ಅಕ್ಕರೆಯಿಂದ ಕರೆಯುವಾಗಲೆಲ್ಲ, ಅವಳಿಗೆ ಆ ಮನೆಯಲ್ಲಿ ಮಾತನಾಡಲು ಇನ್ನಾರೂ ಇಲ್ಲವೆಂಬುದು ಮಕ್ಕಳಿಗೆ ಕಾಣತೊಡಗುತ್ತದೆ. ಕೊನೆಯಲ್ಲಿ ತಂದೆಯ ಜೊತೆ ಊರಿಗೆ ಮರಳುವ ನಾಣಿಯು ತಲೆ ಬೋಳಿಸಿಕೊಂಡು ಮರದಡಿ ಕುಳಿತ ಅವಳನ್ನು ನೋಡುವ ದೃಶ್ಯಕ್ಕೆ ಬಂದಾಗ, ಮೊದಲ ಸಲ ಸುಮ್ಮನಿದ್ದ ತರಗತಿ ಎರಡನೆಯ ಸಲ ಮಾತನಾಡಲು ಬಯಸಬಹುದು. ಚರ್ಚೆ ಅಲ್ಲಿಂದಲೇ ಶುರುವಾಗಲಿ.

ಹೊತ್ತು ಉಳಿದರೆ ಹತ್ತು ನಿಮಿಷದ ಒಂದು ಭಾಗವನ್ನು ಶಬ್ದ ನಿಲ್ಲಿಸಿ ತೋರಿಸಿ, ಎಸ್. ರಾಮಚಂದ್ರ ಅವರ ಕಪ್ಪುಬಿಳುಪು ಛಾಯಾಗ್ರಹಣದಲ್ಲಿ ಬೆಳಕು ಎಲ್ಲಿಂದ ಬರುತ್ತಿದೆಯೆಂದು ಆಗಲೇ ಸರಿಯಾಗಿ ಕಾಣುವುದು. ಆಮೇಲೆ ಅದೇ ಭಾಗವನ್ನು ಚಿತ್ರ ಮರೆಮಾಡಿ ಬರೀ ಕೇಳಿಸಿ, ಬಿ.ವಿ. ಕಾರಂತರ ಸಂಗೀತ ಎಲ್ಲಿ ಬರುತ್ತದೆ, ಎಲ್ಲಿ ಸುಮ್ಮನಾಗುತ್ತದೆ ಎಂಬುದನ್ನು ಮಕ್ಕಳು ತಾವಾಗಿಯೇ ಹೇಳುತ್ತಾರೆ.

ಪ್ರತಿಯ ವಿಷಯದಲ್ಲಿ ಅವಸರ ಮಾಡಬೇಡಿ. ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಮಾರ್ಟಿನ್ ಸ್ಕೋರ್ಸೆಸಿಯವರ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಸೇರಿ ಈ ಚಿತ್ರವನ್ನು ಪುನರುದ್ಧಾರ ಮಾಡಿಸಿವೆ. ಆ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದ ಹಳೆಯ ಶ್ರೇಷ್ಠ ಚಿತ್ರಗಳ ವಿಭಾಗದಲ್ಲಿ ಪ್ರದರ್ಶನಗೊಂಡಿತು. ಮಸುಕಾದ ಯಾವುದೋ ಪ್ರತಿಯನ್ನು ಇಳಿಸಿಕೊಂಡು ತೋರಿಸಿದರೆ ಕತ್ತಲೆಯ ದೃಶ್ಯಗಳಲ್ಲಿ ಮಕ್ಕಳಿಗೆ ಕತ್ತಲೆ ಬಿಟ್ಟು ಬೇರೇನೂ ಕಾಣುವುದಿಲ್ಲ, ಆಮೇಲೆ ನೀವು ಎಷ್ಟು ಸಲ ತೋರಿಸಿದರೂ ಅಷ್ಟೆ. ಹಾಗೆಯೇ ನಲವತ್ತೈದು ನಿಮಿಷದ ಪೀರಿಯಡ್ಡುಗಳಿಗೆ ಚಿತ್ರವನ್ನು ತುಂಡು ಮಾಡಬೇಡಿ. ಪ್ರಾಂಶುಪಾಲರನ್ನು ಕೇಳಿ ಎರಡು ಶನಿವಾರಗಳ ಮಧ್ಯಾಹ್ನವನ್ನು ಪಡೆದುಕೊಳ್ಳಿ, ನಡುವಿನ ವಾರದಲ್ಲಿ ಕಥೆಯ ಬಗ್ಗೆ ತರಗತಿಯಲ್ಲಿ ಏನನ್ನೂ ಹೇಳಬೇಡಿ.